ಕೇಸು ಠಾಣೆಯಲ್ಲಿ, ಮಗು ಮನೆಯಲ್ಲಿ: ತಾಯಿಯೇ ತನಿಖಾಧಿಕಾರಿಯಾದ ಸರಣಿಗಳಲ್ಲಿ ಯಾವುದನ್ನು ನೋಡಬೇಕು?

ತನಿಖಾಧಿಕಾರಿ ತಾಯಿಯೂ ಆಗಿರುವ ಕ್ರೈಂ ಸರಣಿಗಳು ಈಗ ಬೇಕಾದಷ್ಟಿವೆ. ಪೋಸ್ಟರ್ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ: ನಿದ್ದೆಗೆಟ್ಟ ಕಣ್ಣು, ದಪ್ಪ ಜಾಕೆಟ್ಟು, ಹಿಂದೆ ಮಂಜು ಮುಸುಕಿದ ಊರು. ಕೊಲೆ ಎಂಥದ್ದು, ಊರು ಯಾವುದು ಎಂದಷ್ಟೇ ನೋಡಿ ಆರಿಸಿಕೊಂಡರೆ ಮೂರನೇ ಕಂತಿಗೆ ಕೈಬಿಡುವ ಸಾಧ್ಯತೆಯೇ ಹೆಚ್ಚು. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ನಡುರಾತ್ರಿ ಠಾಣೆಯಿಂದ ಫೋನ್ ಬಂದು ಆಕೆ ಎದ್ದು ಹೊರಟಾಗ, ಮಗು ಯಾರ ಹತ್ತಿರ ಇರುತ್ತದೆ?

ಈ ಪ್ರಶ್ನೆಗೆ ಪ್ರತಿ ಕಂತಿನಲ್ಲೂ ಉತ್ತರ ಕೊಡುವ ಸರಣಿಗಳಿವೆ. ತಂಗಿ, ಅಮ್ಮ, ಗಂಡ, ಮೋಟೆಲ್ಲಿನ ಖಾಲಿ ರೂಮು, ಯಾರೋ ಒಬ್ಬರು ಅಥವಾ ಯಾರೂ ಇಲ್ಲ. ಕೆಲವು ಸರಣಿಗಳಲ್ಲಿ ಮಾತ್ರ ಮಗು ಮೊದಲ ಕಂತಿನಲ್ಲಿ ತಿಂಡಿ ತಿಂದು ಶಾಲೆಗೆ ಹೋದದ್ದು ಆಮೇಲೆ ಕಾಣಿಸುವುದೇ ಇಲ್ಲ. ಅಂಥವು ಪತ್ತೇದಾರಿ ಕಥೆಯಾಗಿ ಚೆನ್ನಾಗಿರಬಹುದು, ಆದರೆ ಕೆಲಸ ಮತ್ತು ತಾಯ್ತನದ ಎಳೆದಾಟ ನೋಡಬೇಕೆಂದು ಕೂತವರಿಗೆ ಅದರಿಂದ ಏನೂ ಸಿಗುವುದಿಲ್ಲ. ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ. ಕೊಲೆಗಾರ ಯಾರೆಂಬ ಗುಟ್ಟನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ.

ಮೊದಲು ಗಂಟೆಗಳ ಲೆಕ್ಕ

ಆಯ್ಕೆ ತಪ್ಪುವುದಕ್ಕೆ ಮೊದಲ ಕಾರಣ ಕಥೆಯಲ್ಲ, ಉದ್ದ. ‘ಮೇರ್ ಆಫ್ ಈಸ್ಟ್‌ಟೌನ್’ ಏಳೇ ಕಂತು, ಒಂದೊಂದೂ ಸುಮಾರು ಒಂದು ಗಂಟೆ. ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ‘ಬ್ರಾಡ್‌ಚರ್ಚ್’ ಮೊದಲ ಸೀಸನ್ 8 ಕಂತು, ಮುಕ್ಕಾಲು ಗಂಟೆಯಂತೆ ಆರು ಗಂಟೆ. ‘ಹ್ಯಾಪಿ ವ್ಯಾಲಿ’ ಮೂರು ಸೀಸನ್ ಸೇರಿ 18 ಕಂತು, 18 ಗಂಟೆ. ಡೆನ್ಮಾರ್ಕಿನ ‘ಫೋರ್‌ಬ್ರೂಡಲ್ಸನ್’ ಮೊದಲ ಸೀಸನ್ ಒಂದೇ ಕೊಲೆಗೆ 20 ಕಂತು ತೆಗೆದುಕೊಳ್ಳುತ್ತದೆ. ಅದರ ಅಮೆರಿಕನ್ ರೂಪ ‘ದಿ ಕಿಲ್ಲಿಂಗ್’ ನಾಲ್ಕು ಸೀಸನ್, 44 ಕಂತು. ಬಿಡುವು ಕಡಿಮೆ ಇರುವವರು ಇಪ್ಪತ್ತು ಗಂಟೆಯ ಕಥೆಯನ್ನು ವಾರಕ್ಕೊಂದು ಕಂತಿನಂತೆ ನೋಡಲು ಹೋದರೆ ಐದನೇ ವಾರಕ್ಕೆ ಪಾತ್ರಗಳ ಹೆಸರೇ ಮರೆತಿರುತ್ತದೆ. ಹಾಗೆ ಬಿಟ್ಟುಬಿಟ್ಟು ನೋಡುವವರು ಕಂತಿಗೊಂದು ಕೇಸು ಮುಗಿಯುವ ಸರಣಿಯನ್ನೇ ಹಿಡಿಯಬೇಕು. ಅವುಗಳ ಮಾತು ಕೊನೆಗೆ ಬರುತ್ತದೆ.

ಹ್ಯಾಪಿ ವ್ಯಾಲಿಯೋ, ಮೇರ್ ಆಫ್ ಈಸ್ಟ್‌ಟೌನೋ?

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಈ ಎರಡರ ನಡುವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಥೆ. ಮಧ್ಯವಯಸ್ಸಿನ ಪೊಲೀಸ್ ಹೆಂಗಸು, ವಿಚ್ಛೇದನವಾಗಿದೆ, ಬೆಳೆದ ಮಗ ಅಥವಾ ಮಗಳು ತೀರಿಕೊಂಡಿದ್ದಾರೆ, ಆ ಮಗುವಿನ ಮಗುವನ್ನು ಈಕೆ ಸಾಕುತ್ತಿದ್ದಾಳೆ. ಅಂದರೆ ಎರಡರಲ್ಲೂ ತಾಯ್ತನವೆನ್ನುವುದು ಎರಡನೇ ಸಲ, ಅಜ್ಜಿಯಾಗಿ, ಬಯಸದೇ ಬಂದದ್ದು. ಒಳಗೆ ಹೋದರೆ ವ್ಯತ್ಯಾಸ ದೊಡ್ಡದು.

ಬಿಬಿಸಿಯ ‘ಹ್ಯಾಪಿ ವ್ಯಾಲಿ’ಯನ್ನು (2014, 2016, 2023) ಬರೆದವರು ಸ್ಯಾಲಿ ವೇನ್‌ರೈಟ್. ಕಥೆ ನಡೆಯುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಕಾಲ್ಡರ್ ಕಣಿವೆಯಲ್ಲಿ. ಸಾರಾ ಲಾಂಕಷೈರ್ ಮಾಡಿದ ಕ್ಯಾಥರೀನ್ ಕೇವುಡ್ ಪತ್ತೇದಾರಿ ವಿಭಾಗದಲ್ಲಿಲ್ಲ, ಸಮವಸ್ತ್ರದ ಸಾರ್ಜೆಂಟ್. ಇದನ್ನು ಗಮನಿಸದೆ ಕೂತರೆ, ದೊಡ್ಡ ಕೇಸು ಅಧಿಕೃತವಾಗಿ ಆಕೆಯ ಕೈಗೆ ಯಾಕೆ ಬರುವುದಿಲ್ಲ ಎಂದು ಗೊಂದಲವಾಗುತ್ತದೆ. ಆಕೆಗೆ ಸುಳಿವು ಸಿಗುವುದು ಬೀದಿಯಲ್ಲಿ, ಗಸ್ತಿನಲ್ಲಿ, ಮನೆ ಬಾಗಿಲು ತಟ್ಟಿದಾಗ. ಮೊಮ್ಮಗ ರಯಾನ್‌ನ ತಂದೆ ಟಾಮಿ ಲೀ ರಾಯ್ಸ್. ತನ್ನ ಮಗಳ ಮೇಲೆ ಅತ್ಯಾಚಾರ ಮಾಡಿದವನು ಅವನೇ ಎಂಬುದು ಕ್ಯಾಥರೀನ್‌ಗೆ ಖಚಿತ. ಹೆರಿಗೆಯ ನಂತರ ಮಗಳು ಆತ್ಮಹತ್ಯೆ ಮಾಡಿಕೊಂಡಳು. ಮೊದಲ ಕಂತಿನಲ್ಲೇ ಆತ ಜೈಲಿನಿಂದ ಹೊರಗೆ ಬಂದ ಸುದ್ದಿ ತಿಳಿಯುತ್ತದೆ. ಅಲ್ಲಿಂದ ಮುಂದೆ ಮಗುವನ್ನು ಶಾಲೆಯಿಂದ ಕರೆತರುವುದೇ ಭದ್ರತೆಯ ಪ್ರಶ್ನೆಯಾಗುತ್ತದೆ. ಇಲ್ಲಿ ಮಗು ಕೇಸಿನ ಹೊರಗಿಲ್ಲ, ಮಗುವೇ ಕೇಸಿನ ನಡುಬಿಂದು.

ನಮ್ಮ ಮೂಲ ಪ್ರಶ್ನೆಗೆ ಈ ಸರಣಿಯಲ್ಲಿ ಸ್ಪಷ್ಟ ಉತ್ತರವಿದೆ: ತಂಗಿ ಕ್ಲೇರ್. ಹೆರಾಯಿನ್ ಚಟದಿಂದ ಹೊರಬಂದು ಅಕ್ಕನ ಮನೆಯಲ್ಲೇ ಇರುವವಳು. ಕ್ಯಾಥರೀನ್ ಡ್ಯೂಟಿಗೆ ಹೋಗಲು ಆಗುವುದು ಕ್ಲೇರ್ ಮನೆಯಲ್ಲಿರುವುದರಿಂದ. ಹಾಗಾಗಿ ಕ್ಲೇರ್ ಸ್ವಲ್ಪ ತಡವರಿಸಿದರೂ ಇಡೀ ಮನೆ ಅಲುಗುತ್ತದೆ. ಅಡುಗೆಮನೆಯ ಮೇಜಿನಲ್ಲಿ ಚಹಾ ಕುಡಿಯುತ್ತಾ ಅಕ್ಕತಂಗಿಯರು ಆಡುವ ಮಾತುಗಳನ್ನು ಕಥೆ ನಿಂತ ಜಾಗ ಎಂದುಕೊಂಡು ಓಡಿಸಿಬಿಡಬಾರದು. ಮೂರನೇ ಸೀಸನ್ನಿನ ಪೆಟ್ಟು ತಯಾರಾಗುವುದು ಅಲ್ಲೇ.

ಎರಡನೇ ಮತ್ತು ಮೂರನೇ ಸೀಸನ್ ನಡುವೆ ಏಳು ವರ್ಷದ ಅಂತರವಿದೆ. ಅದು ಬೇಕೆಂದೇ ಬಿಟ್ಟದ್ದು. ರಯಾನ್ ಪಾತ್ರದ ಹುಡುಗ ರಿಸ್ ಕಾನಾ ಹದಿಹರೆಯಕ್ಕೆ ಬರಲಿ, ತಂದೆಯ ಬಗ್ಗೆ ತಾನೇ ನಿರ್ಧಾರ ಮಾಡುವ ವಯಸ್ಸಾಗಲಿ ಎಂದು ಲೇಖಕಿ ಕಾದರು. ಮೂರೂ ಸೀಸನ್ನಿನಲ್ಲಿ ಅದೇ ಹುಡುಗ. ಮಗು ಕಣ್ಣೆದುರೇ ಬೆಳೆಯುವುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಕ್ರೈಂ ಸರಣಿ ಬಹಳ ಅಪರೂಪ. ಈ ಕಾರಣಕ್ಕೇ ಮೂರನೇ ಸೀಸನ್ ಹೆಸರುವಾಸಿಯಾಗಿದೆ ಎಂದು ನೇರ ಅಲ್ಲಿಗೆ ಹಾರುವುದು ದೊಡ್ಡ ತಪ್ಪು. ಹುಡುಗನ ಒಂದೊಂದು ನೋಟಕ್ಕೂ ಹಿಂದಿನ ಹನ್ನೆರಡು ಗಂಟೆಯ ಭಾರವಿದೆ.

ಎಚ್‌ಬಿಒದ ‘ಮೇರ್ ಆಫ್ ಈಸ್ಟ್‌ಟೌನ್’ (2021) ಅಮೆರಿಕದ ಪೆನ್ಸಿಲ್ವೇನಿಯಾದ ಡೆಲವೇರ್ ಕೌಂಟಿಯ ಕಥೆ. ಬರೆದವರು ಬ್ರ್ಯಾಡ್ ಇಂಗಲ್ಸ್‌ಬಿ, ಏಳೂ ಕಂತುಗಳ ನಿರ್ದೇಶಕ ಕ್ರೇಗ್ ಝೋಬೆಲ್. ಕೇಟ್ ವಿನ್ಸ್‌ಲೆಟ್‌ ಮಾಡಿದ ಮೇರ್ ಶೀಹನ್ ನಿಜವಾದ ತನಿಖಾಧಿಕಾರಿ. ಕೈಯಲ್ಲಿ ಒಂದು ವರ್ಷ ಹಳೆಯ ಕಾಣೆಯಾದ ಹುಡುಗಿಯ ಕೇಸಿದೆ, ಮೊದಲ ಕಂತಿನ ಕೊನೆಗೆ ಎಳೆ ವಯಸ್ಸಿನ ಇನ್ನೊಬ್ಬ ತಾಯಿಯ ಶವ ಸಿಗುತ್ತದೆ. ಮನೆಯಲ್ಲಿ ಮೊಮ್ಮಗ ಡ್ರೂ. ಆತ್ಮಹತ್ಯೆ ಮಾಡಿಕೊಂಡ ಮಗ ಕೆವಿನ್‌ನ ಕೂಸು. ಡ್ರೂವಿನ ಹೆತ್ತ ತಾಯಿ ಕ್ಯಾರಿ ಮಾದಕವಸ್ತುಗಳಿಂದ ಹೊರಬಂದು, ಮಗು ನನಗೆ ಬೇಕು ಎನ್ನುತ್ತಾಳೆ. ಹೆತ್ತವಳು ಚೇತರಿಸಿಕೊಂಡರೆ ಮಗುವಿನ ಮೇಲೆ ಅಜ್ಜಿಗಿಂತ ಅವಳ ಹಕ್ಕೇ ಗಟ್ಟಿ ಎಂಬುದು ಮೇರ್‌ಗೆ ಚೆನ್ನಾಗಿ ಗೊತ್ತು. ಕಾನೂನು ಕಾಯುವವಳಿಗೆ ಕಾನೂನೇ ಎದುರಾಳಿಯಾದಾಗ ಆಕೆ ಏನು ಮಾಡುತ್ತಾಳೆ ಎಂಬುದು ಈ ಸರಣಿಯ ಅತಿ ಕಠಿಣ, ಅತಿ ಪ್ರಾಮಾಣಿಕ ಭಾಗ. ಅಲ್ಲಿ ಮೇರ್ ಮೇಲೆ ಸಿಟ್ಟು ಬರಲೇಬೇಕು, ಬರುತ್ತದೆ.

ಮಗುವನ್ನು ನೋಡಿಕೊಳ್ಳುವವಳು ಮೇರ್‌ಳ ತಾಯಿ ಹೆಲೆನ್ (ಜೀನ್ ಸ್ಮಾರ್ಟ್). ಒಂದೇ ಸೂರಿನಡಿ ಅಜ್ಜಿ, ಮಗಳು, ಮೊಮ್ಮಗಳು, ಮರಿಮಗ. ಕೇಸಿನೊಳಗೂ ತಾಯಂದಿರೇ: ಕಾಣೆಯಾದ ಹುಡುಗಿಯ ತಾಯಿ, ಸತ್ತ ಹುಡುಗಿ ಸ್ವತಃ ತಾಯಿ, ಮೇರ್‌ಳ ಗೆಳತಿ ಲೋರಿ ತಾಯಿ. ಲೋರಿ ಪಾತ್ರದ ಜೂಲಿಯನ್ ನಿಕಲ್ಸನ್, ಮೇರ್ ಪಾತ್ರದ ವಿನ್ಸ್‌ಲೆಟ್‌ ಇಬ್ಬರಿಗೂ 2021ರ ಎಮ್ಮಿ ಬಂತು. ಕೊನೆಯ ಕಂತು ನೋಡಿದವರಿಗೆ ನಿಕಲ್ಸನ್‌ಗೆ ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಇದರಲ್ಲಿ ಸಪ್ಪೆಯಾದ ಭಾಗವೆಂದರೆ ಊರಿಗೆ ಹೊಸದಾಗಿ ಬಂದ ಲೇಖಕನ ಜತೆಗಿನ ಪ್ರೇಮದ ಎಳೆ. ಅದು ಎಲ್ಲಿಗೂ ಒಯ್ಯುವುದಿಲ್ಲ. ಅನುಮಾನ ಹುಟ್ಟಿಸಲೆಂದೇ ಇಟ್ಟ ಪಾತ್ರಗಳೂ ಸ್ವಲ್ಪ ಜಾಸ್ತಿಯಾದವು. ಮೊದಲ ಕಂತು ಪೂರ್ತಿ ಊರಿನ ಪರಿಚಯಕ್ಕೇ ಹೋಗುವುದರಿಂದ, ಅಲ್ಲಿಗೇ ನಿಧಾನವಾಯಿತೆಂದು ಬಿಟ್ಟವರು ಅನೇಕರು. ಎರಡನೇ ಕಂತು ಮುಗಿಸಿದ ಮೇಲೆ ತೀರ್ಮಾನ ಮಾಡುವುದು ನ್ಯಾಯ.

ಒಂದನ್ನೇ ಆರಿಸಬೇಕು, ಸಮಯವಿದೆ ಎಂದಾದರೆ ‘ಹ್ಯಾಪಿ ವ್ಯಾಲಿ’. ಎರಡು ದಿನವಷ್ಟೇ ಇದ್ದರೆ ‘ಮೇರ್’. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು, ಅದರಲ್ಲೂ ಆತ್ಮಹತ್ಯೆಯ ನೋವು ಹತ್ತಿರದಿಂದ ತಿಳಿದವರು ಎರಡನ್ನೂ ಈಗ ಮುಂದಕ್ಕೆ ಹಾಕುವುದು ಒಳ್ಳೆಯದು. ‘ಹ್ಯಾಪಿ ವ್ಯಾಲಿ’ ಮೊದಲ ಸೀಸನ್ನಿನ ನಾಲ್ಕನೇ ಕಂತಿನ ಕೊನೆಯ ಹಿಂಸೆ ಬಹಳ ನೇರ. ಮಲಗುವ ಮುಂಚೆ ನೋಡುವಂಥದ್ದಲ್ಲ. ಎರಡರಲ್ಲೂ ಮಾತಿನ ಧಾಟಿ ಪಕ್ಕಾ ಸ್ಥಳೀಯ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಯಾರ್ಕ್‌ಷೈರ್ ಮಾತಿನಲ್ಲಿ ಅರ್ಧ ಪದ ಜಾರಿಹೋಗುತ್ತವೆ, ಆದ್ದರಿಂದ ಸಬ್‌ಟೈಟಲ್ ಹಾಕಿಕೊಂಡೇ ನೋಡಿ.

ಮೂಲವೋ, ರೀಮೇಕೋ?

‘ಫೋರ್‌ಬ್ರೂಡಲ್ಸನ್’ ಡೆನ್ಮಾರ್ಕಿನ ಸರ್ಕಾರಿ ವಾಹಿನಿಯಲ್ಲಿ 2007ರಲ್ಲಿ ಬಂತು. ಬರೆದವರು ಸೋರೆನ್ ಸ್ವೈಸ್ಟ್ರುಪ್. ಕೋಪನ್‌ಹೇಗನ್‌ನಲ್ಲಿ ಸಾರಾ ಲುಂಡ್‌ಗೆ (ಸೋಫಿ ಗ್ರಾಬೋಲ್) ಅದು ಕೆಲಸದ ಕೊನೆಯ ದಿನ. ಮಗ ಮಾರ್ಕ್‌ನನ್ನು ಕರೆದುಕೊಂಡು, ಮದುವೆಯಾಗಲಿರುವವನ ಜತೆ ಸ್ವೀಡನ್‌ಗೆ ಹೋಗಬೇಕು. ಆಗ 19 ವರ್ಷದ ನಾನ್ನಾಳ ಕೊಲೆ ಬೆಳಕಿಗೆ ಬರುತ್ತದೆ. ಇವತ್ತಿನ ವಿಮಾನ ನಾಳೆಗೆ, ನಾಳೆಯದು ನಾಡಿದ್ದಿಗೆ. ಒಂದೊಂದು ಕಂತೂ ತನಿಖೆಯ ಒಂದೊಂದು ದಿನ. ಪೊಲೀಸರು, ಸತ್ತ ಹುಡುಗಿಯ ಮನೆ, ನಗರಸಭೆಯ ಚುನಾವಣೆ ಎಂಬ ಮೂರು ಎಳೆಗಳು ಕೊನೆಯವರೆಗೂ ಜತೆಜತೆಗೇ ಸಾಗುತ್ತವೆ.

ಲುಂಡ್ ಮಗನನ್ನು ಪ್ರೀತಿಸುವುದಿಲ್ಲವೆಂದಲ್ಲ. ಮಗ ಮಾತಾಡುತ್ತಿರುವಾಗಲೇ ಆಕೆಯ ಕಣ್ಣು ಗೋಡೆಗೆ ಅಂಟಿಸಿದ ಫೋಟೊಗಳ ಕಡೆ ಹೋಗುತ್ತದೆ. ಆಕೆಯ ತಾಯಿ ಗೊಣಗುತ್ತಲೇ ಮೊಮ್ಮಗನಿಗೆ ಊಟ ಹಾಕುತ್ತಾಳೆ. ಮಗ ನಿಧಾನಕ್ಕೆ ಬೇರೆಯವರ ಕಡೆ ಜಾರುತ್ತಾನೆ, ಯಾರೂ ಕೂಗಾಡುವುದಿಲ್ಲ. 2012ರ ಮೂರನೇ ಸೀಸನ್ ಹೊತ್ತಿಗೆ ಅವನು ಬೆಳೆದು ತಾನೇ ತಂದೆಯಾಗುವ ಹಂತದಲ್ಲಿದ್ದಾನೆ. ಬಾಗಿಲು ತೆರೆದೀತೇ ಎಂದು ಕಾಯುವ ಸರದಿ ಈಗ ತಾಯಿಯದು.

ಅಮೆರಿಕದ ಎಎಂಸಿ ಇದನ್ನೇ ಸಿಯಾಟಲ್‌ಗೆ ಒಯ್ದು 2011ರಲ್ಲಿ ‘ದಿ ಕಿಲ್ಲಿಂಗ್’ ಮಾಡಿತು. ಇಲ್ಲಿ ಸಾರಾ ಲಿಂಡನ್ (ಮಿರೆಲ್ ಈನೋಸ್), ಮಗ ಜಾಕ್. ತಾಯಿಮಗ ಇಬ್ಬರೂ ಮೋಟೆಲ್ ರೂಮಿಗೆ ಬಂದು ಬೀಳುತ್ತಾರೆ, ಮಗ ಯಂತ್ರದಿಂದ ಸಿಗುವ ಪೊಟ್ಟಣದ ತಿಂಡಿ ತಿಂದು ಮಲಗುತ್ತಾನೆ. ಲಿಂಡನ್ ಸ್ವತಃ ಸಾಕುಮನೆಗಳಲ್ಲಿ ಬೆಳೆದವಳು ಎಂಬ ಸಂಗತಿ ಸೇರಿದಾಗ, ತಾಯ್ತನದ ಎಳೆ ಮೂಲಕ್ಕಿಂತ ಆಳವಾಗುತ್ತದೆ. ಈ ವಿಷಯದಲ್ಲಿ ರೀಮೇಕೇ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಸೋತದ್ದು ಬೇರೆ ಕಡೆ. ಮೊದಲ ಸೀಸನ್ 13 ಕಂತು ಮುಗಿದರೂ ಕೊಲೆಗಾರನ ಹೆಸರು ಹೊರಗೆ ಬರಲಿಲ್ಲ, ನೋಡುಗರು ಕೆರಳಿದರು. ಕೇಸು ಮುಗಿಯಲು 26 ಕಂತು ಬೇಕಾಯಿತು. ಈಗ ಶುರುಮಾಡುವವರು ಮೊದಲೆರಡು ಸೀಸನ್‌ಗಳನ್ನು ಒಂದೇ ಕಥೆಯೆಂದು ಎಣಿಸಿ ಕೂತರೆ ಆ ತೊಂದರೆ ಇಲ್ಲ. ಕೊಲೆಗಾರ ಎರಡರಲ್ಲೂ ಒಬ್ಬನೇ ಅಲ್ಲದ್ದರಿಂದ, ಒಂದನ್ನು ನೋಡಿದರೆ ಇನ್ನೊಂದು ಕೆಡುವುದಿಲ್ಲ.

ಬಿಗಿಯಾದ ತನಿಖೆ ಬೇಕೆಂದರೆ ಡೆನ್ಮಾರ್ಕಿನದು. ರಾತ್ರಿಗೊಂದು ಕಂತು ಸಾಕು. ಒಟ್ಟಿಗೆ ಐದಾರು ನೋಡಿದರೆ ನಗರಸಭೆಯ ಎಳೆಯಲ್ಲಿ ಹೆಸರುಗಳು ಕಲಸಿಹೋಗುತ್ತವೆ, ಆ ಎಳೆ ಬೇಡವೆಂದು ಓಡಿಸಿದರೆ ಸುಳಿವುಗಳೂ ಜತೆಗೆ ಹೋಗುತ್ತವೆ. ಇದೇ ಕಥೆ ಕೊಂಕಣಾ ಸೇನ್ ಶರ್ಮಾ ಮುಖ್ಯಪಾತ್ರದಲ್ಲಿ ‘ಸರ್ಚ್: ದಿ ನೈನಾ ಮರ್ಡರ್ ಕೇಸ್’ ಆಗಿ 2025ರಲ್ಲಿ ಹಿಂದಿಗೂ ಬಂದಿದೆ. ಮೂಲ ನೋಡುವ ಮನಸ್ಸಿದ್ದರೆ ಮೊದಲು ಅದನ್ನೇ ನೋಡಿ.

ಬ್ರಾಡ್‌ಚರ್ಚ್ ಮತ್ತು ಸ್ಕಾಟ್ ಅಂಡ್ ಬೇಲಿ

‘ಬ್ರಾಡ್‌ಚರ್ಚ್’ (2013, 2015, 2017) ಶುರುವಾಗುವುದೇ ತನಿಖಾಧಿಕಾರಿ ಎಲೀ ಮಿಲ್ಲರ್ (ಒಲಿವಿಯಾ ಕೋಲ್ಮನ್) ಕುಟುಂಬದೊಂದಿಗೆ ರಜೆ ಮುಗಿಸಿ ಬಂದ ಬೆಳಿಗ್ಗೆ. ತನಗೆ ಬರಬೇಕಿದ್ದ ಬಡ್ತಿ ರಜೆಯಲ್ಲಿದ್ದಾಗ ಹೊರಗಿನಿಂದ ಬಂದ ಗಂಡಸಿಗೆ ಹೋಗಿರುತ್ತದೆ. ಅದೇ ದಿನ ಸಮುದ್ರತೀರದಲ್ಲಿ 11 ವರ್ಷದ ಹುಡುಗನ ಶವ; ಅವನು ಎಲೀಯ ಮಗ ಟಾಮ್‌ನ ಆಪ್ತ ಗೆಳೆಯ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವನು ಗಂಡ ಜೋ, ಅದಕ್ಕಾಗಿಯೇ ಕೆಲಸ ಬಿಟ್ಟವನು. ಸಣ್ಣ ಊರಿನಲ್ಲಿ ತನಿಖಾಧಿಕಾರಿ, ಸಾಕ್ಷಿಯ ತಾಯಿ, ಸತ್ತ ಹುಡುಗನ ಮನೆಯವರ ಗೆಳತಿ ಮೂರೂ ಒಬ್ಬಳೇ ಆದಾಗ ಏನೇನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ಕಡಿಮೆ. ಮೊದಲ ಸೀಸನ್ ಸ್ವತಂತ್ರವಾಗಿ ಪೂರ್ಣ. ಎರಡನೆಯದು ಬಹುಪಾಲು ನ್ಯಾಯಾಲಯದಲ್ಲಿ ನಡೆಯುತ್ತದೆ. ಸಾಕ್ಷಿ ಹೇಳಬೇಕಾದವರು ಮೊದಲೇ ಒಳಗೆ ಕೂತು ಎಲ್ಲ ಕೇಳಿಸಿಕೊಳ್ಳುವಂಥ ಲೋಪಗಳಿವೆ, ಕಾನೂನು ಬಲ್ಲವರಿಗೆ ಕಿರಿಕಿರಿ. ಮೂರನೆಯದು ಮತ್ತೆ ಚೇತರಿಸಿಕೊಂಡಿದೆ.

‘ಸ್ಕಾಟ್ ಅಂಡ್ ಬೇಲಿ’ (2011–2016, 33 ಕಂತು) ಅಷ್ಟು ಹೆಸರು ಮಾಡಿಲ್ಲ, ಆದರೆ ಕೆಲಸದ ದಿನಚರಿ ತಿಳಿಯಬೇಕೆಂದರೆ ಇದಕ್ಕೇ ಮೊದಲ ಸ್ಥಾನ. ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸ್‌ನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ ಡಯಾನ್ ಟೇಲರ್ ಇದರ ಸೃಷ್ಟಿಯಲ್ಲಿ ವೇನ್‌ರೈಟ್ ಜತೆ ಕೈಜೋಡಿಸಿದವರು. ಅದು ವಿಚಾರಣೆಯ ದೃಶ್ಯಗಳಲ್ಲಿ ಗೊತ್ತಾಗುತ್ತದೆ: ಮೇಜು ಬಡಿಯುವುದಿಲ್ಲ, ಗದರಿಸುವುದಿಲ್ಲ, ಪ್ರಶ್ನೆಗಳ ಕ್ರಮದಲ್ಲೇ ಆರೋಪಿಯನ್ನು ಮೂಲೆಗೆ ತರುತ್ತಾರೆ. ಜಾನೆಟ್ ಸ್ಕಾಟ್‌ಗೆ ಇಬ್ಬರು ಹೆಣ್ಣುಮಕ್ಕಳು, ಹಳಸಿದ ದಾಂಪತ್ಯ. ಮೇಲಧಿಕಾರಿ ಜಿಲ್ ಮರ್ರೆಯೂ ಮಗನೊಬ್ಬನ ತಾಯಿ. ಇಲ್ಲಿ ಮಕ್ಕಳಿಗೆ ಅಪಾಯವಿಲ್ಲ, ಅಪಹರಣವಿಲ್ಲ. ಶಾಲೆ, ಊಟ, ಹದಿಹರೆಯದ ಮುನಿಸು, ಅಷ್ಟೇ. ನೈಜತೆ ಇರುವುದು ಅದರಲ್ಲೇ.

ಈ ಬ್ರಿಟಿಷ್ ಸರಣಿಗಳಲ್ಲಿ ತಾಯಿ ಯಾಕೆ ಯಾವಾಗಲೂ ಗಡಿಯಾರ ನೋಡುತ್ತಾಳೆ, ಆರೋಪಿ ಸಿಕ್ಕ ಮೇಲೂ ಮನೆಗೆ ಹೋಗಲು ಯಾಕೆ ಆಗುವುದಿಲ್ಲ ಎಂಬುದಕ್ಕೆ ಕಾನೂನಿನ ಕಾರಣವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1984ರ ಕಾಯ್ದೆಯ ಪ್ರಕಾರ ಬಂಧಿತನನ್ನು ಠಾಣೆಯಲ್ಲಿ ಆರೋಪ ಹೊರಿಸದೆ ಇಟ್ಟುಕೊಳ್ಳಬಹುದಾದದ್ದು ಸಾಮಾನ್ಯವಾಗಿ 24 ಗಂಟೆ. ಗಂಭೀರ ಅಪರಾಧಗಳಲ್ಲಿ ಸೂಪರಿಂಟೆಂಡೆಂಟ್ ಮಟ್ಟದ ಅಧಿಕಾರಿ ಒಪ್ಪಿದರೆ 36, ಮ್ಯಾಜಿಸ್ಟ್ರೇಟರ ಅನುಮತಿ ಸಿಕ್ಕಿದರೆ ಹೆಚ್ಚೆಂದರೆ 96. ವಿಚಾರಣೆ, ಮನೆ ಶೋಧ, ಲ್ಯಾಬ್ ವರದಿ, ವಕೀಲರ ಜತೆ ಮಾತು, ಆರೋಪಿಯ ನಿದ್ದೆ ಎಲ್ಲವೂ ಅದರೊಳಗೇ ಆಗಬೇಕು. ಬಂಧನವಾದ ರಾತ್ರಿಯೇ ಮಗುವಿಗೆ ಜ್ವರ ಬಂತೆಂದರೆ ಅದು ಕಥೆಗಾರರ ಅಗ್ಗದ ತಂತ್ರ ಅನ್ನಿಸಬಹುದು. ಗಡಿಯಾರ ಓಡುತ್ತಿರುವುದು ನಿಜವಾದ್ದರಿಂದ ಆ ಆಯ್ಕೆಯೂ ನಿಜವೇ. ಭಾರತದ ಸರಣಿಗಳಲ್ಲಿ ಇದರ ಜಾಗದಲ್ಲಿ ಸಂವಿಧಾನದ 22ನೇ ವಿಧಿಯ 24 ಗಂಟೆಯಿದೆ: ಅಷ್ಟರೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾವ ಸರಣಿ ಈ ಗಡಿಯಾರವನ್ನು ಮರೆಯುತ್ತದೋ ಅದರಲ್ಲಿ ತಾಯಿಯ ಗೈರುಹಾಜರಿಗೂ ಕಾರಣ ಸಡಿಲವಾಗುತ್ತದೆ.

ಭಾರತದವು ಮೂರು

‘ಡೆಲ್ಲಿ ಕ್ರೈಂ’ ಮೊದಲ ಸೀಸನ್ (2019, 7 ಕಂತು, ನಿರ್ದೇಶನ ರಿಚಿ ಮೆಹ್ತಾ) 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣವನ್ನು ಆಧರಿಸಿದ್ದು. ಡಿಸಿಪಿ ವರ್ತಿಕಾ ಚತುರ್ವೇದಿಯಾಗಿ ಶೆಫಾಲಿ ಶಾ. ಆಕೆಯ ಹದಿಹರೆಯದ ಮಗಳು ಚಾಂದನಿಗೆ ಈ ಊರೇ ಬೇಡವಾಗಿದೆ, ಓದಲು ದೇಶ ಬಿಟ್ಟು ಹೋಗಬೇಕು. ಊರು ಸುರಕ್ಷಿತವಾಗಿದೆ ಎಂದು ತನ್ನ ಮಗಳನ್ನೇ ನಂಬಿಸಲಾಗದ ಅಧಿಕಾರಿ ಆಕೆ. ಗಂಡನೂ ಪೊಲೀಸ್ ಅಧಿಕಾರಿಯಾದ್ದರಿಂದ ಕೆಲಸದ ಹೊತ್ತುಗೊತ್ತಿನ ಬಗ್ಗೆ ಮನೆಯಲ್ಲಿ ವಾದವಿಲ್ಲ. ಎಳೆದಾಟವೆಲ್ಲ ತಾಯಿಮಗಳ ನಡುವೆ. ತಾಯ್ತನದ ಪಾಲು ಸಮಯದ ಲೆಕ್ಕದಲ್ಲಿ ಕಡಿಮೆ, ತೂಕದಲ್ಲಿ ಕಡಿಮೆಯಲ್ಲ. ಅಪರಾಧವನ್ನು ದೃಶ್ಯವಾಗಿ ತೋರಿಸಿಲ್ಲ, ಆದರೆ ಆಸ್ಪತ್ರೆಯಲ್ಲಿ ಗಾಯಗಳ ವಿವರ ಕೇಳುವುದೇ ಸಾಕಷ್ಟು ಕಷ್ಟ. 2020ರಲ್ಲಿ ಇದಕ್ಕೆ ಅತ್ಯುತ್ತಮ ಡ್ರಾಮಾ ಸರಣಿಯ ಅಂತರರಾಷ್ಟ್ರೀಯ ಎಮ್ಮಿ ಬಂತು. 2022ರ ಎರಡನೇ ಸೀಸನ್ 5 ಕಂತಿನ ಬೇರೆಯೇ ಕೇಸು, 2025ರ ಮೂರನೆಯದು ಮಾನವ ಕಳ್ಳಸಾಗಣೆಯ ಬಗ್ಗೆ. ಮೊದಲನೆಯದನ್ನು ಬಿಟ್ಟು ಬೇರೆಯದರಿಂದ ಶುರುಮಾಡಿದರೂ ಕೇಸು ಅರ್ಥವಾಗುತ್ತದೆ, ವರ್ತಿಕಾ ಅರ್ಥವಾಗುವುದಿಲ್ಲ.

‘ಆರಣ್ಯಕ್’ (2021, 8 ಕಂತು) ವಿಷಯದ ದೃಷ್ಟಿಯಿಂದ ನಮ್ಮ ಪ್ರಶ್ನೆಗೆ ಅತಿ ಹತ್ತಿರ. ಬೆಟ್ಟದ ಸಣ್ಣ ಊರಿನ ಠಾಣಾಧಿಕಾರಿ ಕಸ್ತೂರಿ ಡೋಗ್ರಾ (ರವೀನಾ ಟಂಡನ್) ಮನೆ-ಮಕ್ಕಳಿಗಾಗಿ ಒಂದು ವರ್ಷ ರಜೆ ಹಾಕುತ್ತಾಳೆ. ಆಗಲೇ ದೊಡ್ಡ ಕೇಸು ಬಂದು, ಆಕೆಯ ಕುರ್ಚಿಯಲ್ಲಿ ಹೊಸ ಅಧಿಕಾರಿ ಕೂತಿರುತ್ತಾನೆ. ಮನೆಯಲ್ಲಿ ಆಕೆಯ ಬೆಂಬಲಕ್ಕೆ ನಿಲ್ಲುವವನು ಗಂಡನಲ್ಲ, ನಿವೃತ್ತ ಪೊಲೀಸನಾದ ಮಾವ. ಮಾವ-ಸೊಸೆಯ ಈ ನಂಟು ಸರಣಿಯ ಅತ್ಯುತ್ತಮ ಭಾಗ. ತೊಂದರೆಯೆಂದರೆ ಕಾಡಿನ ನರಚಿರತೆಯ ದಂತಕಥೆ, ರಾಜಕೀಯ, ಹಳೆಯ ಕೊಲೆಗಳು ಎಲ್ಲವನ್ನೂ ತುಂಬಿದ್ದರಿಂದ ನಡುವಿನ ಕಂತುಗಳಲ್ಲಿ ಕಸ್ತೂರಿಯೇ ಹಿಂದೆ ಸರಿಯುತ್ತಾಳೆ.

ತಮಿಳಿನ ‘ಸುಳಲ್’ (2022, 8 ಕಂತು, ಸೃಷ್ಟಿ ಪುಷ್ಕರ್–ಗಾಯತ್ರಿ) ಸಿಮೆಂಟ್ ಕಾರ್ಖಾನೆಯ ಬೆಂಕಿ ಮತ್ತು ಕಾಣೆಯಾದ ಹುಡುಗಿಯಿಂದ ಶುರುವಾಗುತ್ತದೆ. ಮೇಲಧಿಕಾರಿ ರೆಜಿನಾ (ಶ್ರೇಯಾ ರೆಡ್ಡಿ) ಹದಿಹರೆಯದ ಮಗನ ತಾಯಿ. ಇದಕ್ಕಿಂತ ಹೆಚ್ಚು ಹೇಳಿದರೆ ನೋಡುವವರಿಗೆ ನಷ್ಟ. ಕನ್ನಡ ಡಬ್ಬಿಂಗ್‌ ಇರುವುದರಿಂದ ಮನೆಯ ಹಿರಿಯರ ಜತೆ ನೋಡುವವರಿಗೆ ಅನುಕೂಲ, ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಕಥೆಯ ತಳದಲ್ಲಿದೆ ಎಂಬುದು ಮೊದಲೇ ಗೊತ್ತಿರಲಿ.

ಮೂರರಲ್ಲಿ ಒಂದೆಂದರೆ ‘ಡೆಲ್ಲಿ ಕ್ರೈಂ’. ಅದರ ವಿಷಯ ತಡೆಯಲಾಗದವರಿಗೆ ‘ಆರಣ್ಯಕ್’.

ಕತ್ತಲು ಕಡಿಮೆ ಇರುವವು, ಹೆಚ್ಚಿರುವವು

ದಿನದ ದಣಿವಿನ ಮೇಲೆ ಮತ್ತೊಂದು ಭಾರ ಬೇಡ ಎನ್ನುವವರಿಗೆ ಫ್ರೆಂಚ್ ಸರಣಿಗಳೇ ಸರಿ. ‘ಕಾಂಡಿಸ್ ರೆನ್ವಾರ್’ (2013ರಿಂದ 10 ಸೀಸನ್) ನಾಲ್ಕು ಮಕ್ಕಳ ತಾಯಿ ಹತ್ತು ವರ್ಷದ ಬಿಡುವಿನ ನಂತರ ಸೆತ್ ಎಂಬ ಬಂದರು ಪಟ್ಟಣದಲ್ಲಿ ಪೊಲೀಸ್ ತಂಡದ ಮುಖ್ಯಸ್ಥೆಯಾಗಿ ಬರುವ ಕಥೆ. ತಂಡದವರು ಆಕೆಯನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ; ಮನೆ ನಡೆಸಿದ ಅನುಭವದಿಂದಲೇ ಆಕೆ ಸುಳಿವು ಹಿಡಿಯುತ್ತಾಳೆ. ಕೆಲಸ ಬಿಟ್ಟು ಮತ್ತೆ ಸೇರುವ ಅಂಜಿಕೆಯನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಸರಣಿ ಮತ್ತೊಂದು ಸಿಗುವುದು ಕಷ್ಟ. ‘ಎಚ್‌ಪಿಐ’ (2021) ಇನ್ನೂ ಲವಲವಿಕೆಯದು: ಲಿಲ್ ನಗರದಲ್ಲಿ ಪೊಲೀಸ್ ಕಚೇರಿಯ ನೆಲ ಒರೆಸುವ ಮೋರ್ಗಾನ್, ಮೂರು ಮಕ್ಕಳ ಒಂಟಿ ತಾಯಿ, ಅಸಾಧಾರಣ ಬುದ್ಧಿಯವಳು. ಅದರ ಅಮೆರಿಕನ್ ರೂಪ ‘ಹೈ ಪೊಟೆನ್ಷಿಯಲ್’ 2024ರಲ್ಲಿ ಶುರುವಾಯಿತು. ಎಲ್ಲದರಲ್ಲೂ ಹೆಚ್ಚಾಗಿ ಕಂತಿಗೊಂದು ಕೇಸು ಮುಗಿಯುತ್ತದೆ, ಎಷ್ಟು ದಿನಕ್ಕೊಮ್ಮೆ ನೋಡಿದರೂ ನಡೆಯುತ್ತದೆ.

ಇನ್ನೊಂದು ತುದಿಯಲ್ಲಿ ‘ಮಾರ್ಸೆಲಾ’ (2016, 8 ಕಂತಿನ ಮೂರು ಸೀಸನ್). ಗಂಡ ಬಿಟ್ಟುಹೋದ ಮೇಲೆ ಲಂಡನ್ ಪೊಲೀಸಿಗೆ ಮರಳುವ ತಾಯಿ, ನಡುನಡುವೆ ಪ್ರಜ್ಞೆ ತಪ್ಪಿ ಏನು ಮಾಡಿದೆನೆಂದೇ ಆಕೆಗೆ ತಿಳಿಯುವುದಿಲ್ಲ. ಶಿಶುವಿನ ಸಾವಿನ ಎಳೆಯಿದೆ. ಹೊಸದಾಗಿ ಹೆತ್ತವರು ಇದನ್ನು ಬಿಡುವುದೇ ಸರಿ. ಫಿನ್ಲೆಂಡಿನ ‘ಡೆಡ್‌ವಿಂಡ್’ (2018, ಮೊದಲ ಸೀಸನ್ 12 ಕಂತು) ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳೊಂದಿಗೆ ಉಳಿದ ಸೋಫಿಯಾ ಕಾರ್ಪಿಯ ಕಥೆ. ಒಬ್ಬಳು ಗಂಡನ ಮೊದಲ ಸಂಬಂಧದ ಮಗಳು. ಗಂಡನಿಲ್ಲದ ಮೇಲೆ ಆ ಮಗಳಿಗೆ ತಾನು ಏನಾಗಬೇಕು ಎಂಬ ಪ್ರಶ್ನೆ ಕೊಲೆಯ ಕಥೆಗಿಂತ ಹೆಚ್ಚು ಕಾಡುತ್ತದೆ. ಫ್ರಾನ್ಸಿನ ‘ಸ್ಪೈರಲ್’ ಎಂಟು ಸೀಸನ್ನಿನ ದೀರ್ಘ ಸರಣಿ. ಲೋರ್ ಬೆರ್ತೋ ಗರ್ಭಿಣಿಯಾಗುವುದು ಐದನೆಯದರಲ್ಲಿ. ಆರನೆಯದರಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಕೂಸು ಆಸ್ಪತ್ರೆಯಲ್ಲಿರುವಾಗ ಅದರ ಬಳಿ ಹೋಗಲು ಕಾಲು ಬಾರದ ತಾಯಿಯನ್ನು ಯಾವ ತೀರ್ಪೂ ಕೊಡದೆ ತೋರಿಸುತ್ತಾರೆ. ಅಷ್ಟಕ್ಕಾಗಿ ಐದು ಸೀಸನ್ ಕಾಯಬೇಕು, ಕಾಯುವ ಯೋಗ್ಯತೆ ಅದಕ್ಕಿದೆ.

ಬೆಳೆದ ಮಕ್ಕಳಿರುವವರಿಗೆ ‘ಅನ್‌ಫರ್ಗಾಟನ್’ (2015ರಿಂದ, ಸೀಸನ್ನಿಗೆ 6 ಕಂತು, ದಶಕಗಳ ಹಿಂದಿನ ಕೊಲೆಗಳು). ಕ್ಯಾಸಿ ಸ್ಟುವರ್ಟ್‌ಗೆ ಬೆಳೆದ ಗಂಡುಮಕ್ಕಳು, ಮರೆವು ಶುರುವಾಗುತ್ತಿರುವ ವಯಸ್ಸಾದ ತಂದೆ. ನಾಲ್ಕನೇ ಸೀಸನ್ನಿನಲ್ಲಿ ಪೂರ್ಣ ಪಿಂಚಣಿಗೆ 30 ವರ್ಷದ ಸೇವೆ ಮುಗಿಸಲೇಬೇಕೆಂಬ ಒಂದೇ ಕಾರಣಕ್ಕೆ, ಮನಸ್ಸಿಲ್ಲದಿದ್ದರೂ ಆಕೆ ಕೆಲಸಕ್ಕೆ ಮರಳಬೇಕಾಗುತ್ತದೆ.

ಇವೆಲ್ಲದರ ಬೇರು ನೋಡಬೇಕೆನ್ನುವವರು ‘ಕ್ಯಾಗ್ನಿ ಅಂಡ್ ಲೇಸಿ’ಗೆ (1982–1988) ಹೋಗಬೇಕು. ನ್ಯೂಯಾರ್ಕಿನ ಪತ್ತೇದಾರೆ ಮೇರಿ ಬೆತ್ ಲೇಸಿಗೆ ಗಂಡ, ಮಕ್ಕಳು, ಮನೆಸಾಲ ಎಲ್ಲವೂ ಇತ್ತು. ನಟಿ ಟೈನ್ ಡೇಲಿ ನಿಜಕ್ಕೂ ಗರ್ಭಿಣಿಯಾದಾಗ ಅದನ್ನು ಕೋಟಿನಡಿ ಮುಚ್ಚದೆ ಕಥೆಯೊಳಗೇ ತಂದರು. 1983ರಲ್ಲಿ ರದ್ದಾದ ಸರಣಿ ನೋಡುಗರ ಪತ್ರಗಳಿಂದ ಮರುವರ್ಷ ಮರಳಿತು. ಚಿತ್ರೀಕರಣದ ಶೈಲಿ ಹಳೆಯದು, ಲೇಸಿಯ ಅಡುಗೆಮನೆಯ ಜಗಳಗಳು ಮಾತ್ರ ಹಳತಾಗಿಲ್ಲ.

ಶುರುಮಾಡುವ ಮುಂಚೆ

ಡ್ಯಾನಿಶ್, ಫಿನ್ನಿಶ್, ಫ್ರೆಂಚ್ ಸರಣಿಗಳು ಕೆಲವು ಕಡೆ ಇಂಗ್ಲಿಷ್ ಡಬ್ಬಿಂಗ್‌ನಲ್ಲೇ ತಾನಾಗಿ ಶುರುವಾಗುತ್ತವೆ. ಆಡಿಯೊ ಆಯ್ಕೆಗೆ ಹೋಗಿ ಮೂಲ ಭಾಷೆ, ಸಬ್‌ಟೈಟಲ್ ಇಂಗ್ಲಿಷ್ ಎಂದು ಬದಲಿಸಿಕೊಳ್ಳಿ. ಲುಂಡ್‌ಳ ಮೌನಗಳಲ್ಲಿ ಅರ್ಧ ಕಥೆಯಿದೆ, ಡಬ್ಬಿಂಗ್‌ನ ಸಪಾಟು ದನಿಯಲ್ಲಿ ಅದು ಸಾಯುತ್ತದೆ.

ಪಾತ್ರದ ಅಥವಾ ನಟರ ಹೆಸರನ್ನು ನೋಡುವ ಮಧ್ಯೆ ಹುಡುಕಬೇಡಿ. ಹುಡುಕಾಟದ ಪೆಟ್ಟಿಗೆಯೇ ‘ಸಾಯುತ್ತಾನಾ’, ‘ಕೊಲೆಗಾರ’ ಎಂದು ಮುಂದಿನ ಪದ ತುಂಬಿಬಿಡುತ್ತದೆ. ‘ಬ್ರಾಡ್‌ಚರ್ಚ್’, ‘ಅನ್‌ಫರ್ಗಾಟನ್’, ‘ಮೇರ್’ ಮೂರಕ್ಕೂ ಇದೇ ದೊಡ್ಡ ಅಪಾಯ. ಸೀಸನ್ನುಗಳ ಪಟ್ಟಿಯಲ್ಲಿ ಮುಂದಿನ ಕಂತಿನ ಎರಡು ಸಾಲಿನ ವಿವರಣೆ ಓದುವುದನ್ನೂ ಬಿಡಿ. ‘ಬ್ರಾಡ್‌ಚರ್ಚ್’ ಎರಡನೇ ಸೀಸನ್ನಿನ ಮೊದಲ ವಾಕ್ಯವೇ ಮೊದಲನೆಯದರ ಉತ್ತರ ಹೇಳಿಬಿಡುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಇವುಗಳಲ್ಲಿ ಹಗಲು ಹೊತ್ತು ಹಾಲ್‌ನಲ್ಲಿ ಹಾಕಬಹುದಾದದ್ದು ‘ಎಚ್‌ಪಿಐ’, ‘ಕಾಂಡಿಸ್ ರೆನ್ವಾರ್’ ಮಾತ್ರ, ಅದೂ ಹದಿಹರೆಯ ದಾಟುತ್ತಿರುವವರ ಜತೆ. ಉಳಿದದ್ದನ್ನೆಲ್ಲ ಅವರು ಮಲಗಿದ ಮೇಲೆ ನೋಡಿ. ಆಗಲೂ ದನಿ ಕಡಿಮೆಯಿರಲಿ: ಈ ಸರಣಿಗಳಲ್ಲಿ ಹಿಂಸೆ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಬೀಳುತ್ತದೆ, ಪಕ್ಕದ ಕೋಣೆಗೂ.